ಹೆಂಡತಿಯ ಗೆಳತಿಯರಿಗಾಗಿ ಒಂದು ಬಾಳೆಗಿಡ

ಮನೆಗೆ ಯಾರೋ ಬರುತ್ತಾರೆಂದು ಗೊತ್ತಾದ ಕೂಡಲೇ ನಮ್ಮ ಮನೆ ನಮ್ಮ ಕಣ್ಣಿಗೇ ಬೇರೆ ಯಾರದೋ ಮನೆಯಂತೆ ಕಾಣಲು ಶುರುವಾಗುತ್ತದೆ. ವರ್ಷಗಟ್ಟಲೆ ಒಂದೇ ಗೋಡೆಗೆ ಒರಗಿ ಚಹಾ ಕುಡಿದಿರುತ್ತೇವೆ. ಆ ಗೋಡೆಯ ಮೇಲೆ ನಮ್ಮದೇ ತಲೆಯ ಎಣ್ಣೆ ಹುಣ್ಣಿಮೆ ಚಂದ್ರನಂತೆ ದುಂಡಗೆ ಮೂಡಿರುವುದು ಕಾಣುವುದು ಮಾತ್ರ ಅಂದೇ. ಅದರಲ್ಲೂ ನಾನು ಕಲಬುರಗಿ ಪಕ್ಕದ ಕಪನೂರಿನ ಒಂದು ಬೇಳೆ ಮಿಲ್ಲಿನಲ್ಲಿ ಸೂಪರ್‌ವೈಸರ್. ದಿನವಿಡೀ ತೊಗರಿಯ ಹೊಟ್ಟಿನಲ್ಲಿ ಮುಳುಗಿ ಏಳುವವನಿಗೆ ಮನೆಯ ಧೂಳು ಧೂಳೆಂದು ಅನಿಸುವುದೇ ಇಲ್ಲ. ಕೋಟನೂರಿನ ಕಡೆಯ ನಮ್ಮ ಪುಟ್ಟ ಮನೆಯನ್ನು ನಾನು ಒಮ್ಮೆಯೂ ಬೇರೆಯವರ ಕಣ್ಣಿನಿಂದ ನೋಡಿರಲಿಲ್ಲ. ನೋಡಬೇಕಾಗಿ ಬಂದದ್ದು ನನ್ನ ಹೆಂಡತಿ ಕಸ್ತೂರಿಯ ಗೆಳತಿಯರಿಂದ.

ಅದಕ್ಕೆ ಮುಂಚೆ ಕಸ್ತೂರಿಯ ವಿಷಯ ಹೇಳಬೇಕು. ಅವಳು ಮನೆಯಲ್ಲೇ ಹುಡುಗಿಯರಿಗೆ ಹೊಲಿಗೆ ಕಲಿಸುತ್ತಿದ್ದಳು. ಅವಳು ನಕ್ಕರೆ ಹಿಂದಿನ ಓಣಿಯವರು ಏನಾಯಿತೆಂದು ಕೇಳಿಕೊಂಡು ಬರುತ್ತಿದ್ದರು. ಹೋದ ವರ್ಷ ಒಂದು ಮುಂಜಾನೆ ಬಾಯಿ ಮುಕ್ಕಳಿಸುವಾಗ ನೀರು ಒಂದು ಬದಿಯಿಂದ ತಾನಾಗಿ ಸೋರಿತು. ಕನ್ನಡಿ ನೋಡಿದರೆ ಮುಖದ ಎಡಭಾಗ ಜೋತುಬಿದ್ದಿತ್ತು. ಮುಖದ ನರ ಸೋತಿದೆ, ಹೆದರಬೇಡಿ, ಸರಿಹೋಗುತ್ತದೆ ಎಂದರು ಡಾಕ್ಟರು. ಗುಳಿಗೆ ನುಂಗಿದಳು, ಕೆನ್ನೆ ಉಬ್ಬಿಸುವ ವ್ಯಾಯಾಮ ಮಾಡಿದಳು. ಜೊತೆ ಇರಲೆಂದು ನಾನೂ ಎದುರಿಗೆ ಕೂತು ಕೆನ್ನೆ ಉಬ್ಬಿಸಿದೆ. ಡಾಕ್ಟರು ಹೇಳಿದಂತೆ ಸರಿಹೋಯಿತು ಕೂಡ. ಉಳಿದದ್ದು ಇಷ್ಟೇ, ನಕ್ಕರೆ ತುಟಿಯ ಎಡತುದಿ ಬಲತುದಿಗಿಂತ ತುಸು ತಡವಾಗಿ ಏಳುತ್ತಿತ್ತು. ಅಷ್ಟಕ್ಕೇ ಅವಳು ನಗುವುದನ್ನು ಬಿಟ್ಟಳು. ಹೊಲಿಗೆಯ ಹುಡುಗಿಯರನ್ನು ಸಾಗಹಾಕಿದಳು. ಯಾರಾದರೂ ಬಂದರೆ ಸೆರಗಿನ ತುದಿಯನ್ನು ಬಾಯಿಗೆ ಅಡ್ಡ ಹಿಡಿದು ಮಾತಾಡುವಳು. ಮದುವೆ ಮುಂಜಿಗೆಲ್ಲ ನಾನೊಬ್ಬನೇ ಹೋಗಿ ಊಟ ಮಾಡಿ ಬರತೊಡಗಿದೆ.

ಹೀಗಿರುವಾಗ ಅವಳ ಕಾಲೇಜಿನ ಗೆಳತಿ ಶಮೀಮ್ ಬೀದರಿನಿಂದ ಫೋನ್ ಮಾಡಿದಳು. "ನಾವ್ ಮೂರೂ ಮಂದಿ ಬರೋ ಐತವಾರ ನಿಮ್ಮನಿಗಿ ಬರ್ಲಾಕತ್ತೀವಿ. ನೀ ಬ್ಯಾಡ ಅಂದ್ರೂ ಬರ್ತೀವಿ, ಹೂಂ ಅಂದ್ರೂ ಬರ್ತೀವಿ" ಎಂದಳಂತೆ. ಕಸ್ತೂರಿ ಅದು ಹೇಗೋ ಹೂಂ ಅಂದುಬಿಟ್ಟಿದ್ದಳು. ಫೋನ್ ಇಟ್ಟವಳೇ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿದಳು, "ಹೂಂ ಅಂದ್ಬಿಟ್ಟೀನ್ರೀ. ಈಗ ತಿರುಗಿ ಫೋನ್ ಹಚ್ಚಿ ಬ್ಯಾಡ ಅಂತ ಹೇಳ್ಲೇನು?"

ಒಂದು ವರ್ಷದಲ್ಲಿ ಅವಳು ಅಂದ ಮೊದಲನೇ ಹೂಂ ಅದು. ಕೈಬಿಟ್ಟರೆ ಹಾರಿಹೋಗುತ್ತದೆಂಬ ಭಯಕ್ಕೆ ನಾನು, "ಬ್ಯಾಡ ಬ್ಯಾಡ! ಮನಿಗಿ ಹ್ಯಾಂಗೂ ಬಣ್ಣ ಹಚ್ಚಿಸೋದಿತ್ತು. ಇದೇ ನೆವಕ್ಕ ಹಚ್ಚಿಸ್ತೀನಿ. ಅಂಗಳಾನೂ ಚಂದ ಮಾಡ್ತೀನಿ" ಎಂದೆ. ಬಾಯಲ್ಲಿ ಹೇಳಿದ್ದು ಇಷ್ಟು. ಮನಸ್ಸಿನೊಳಗಿನ ಉಪಾಯ ಬೇರೆಯೇ ಇತ್ತು. ಮನೆಯನ್ನು ಎಷ್ಟು ಝಗಝಗ ಮಾಡಿಬಿಡಬೇಕೆಂದರೆ, ಬಂದವರು ಗೋಡೆ ನೋಡುವುದರಲ್ಲಿ, ಗಿಡ ನೋಡುವುದರಲ್ಲಿ ಮುಳುಗಿ ಕಸ್ತೂರಿಯ ಮುಖದ ಕಡೆ ತಿರುಗಲು ಅವರಿಗೆ ಪುರಸೊತ್ತೇ ಸಿಗಬಾರದು. ನನ್ನ ಬುದ್ಧಿಗೆ ನಾನೇ ಶಹಬ್ಬಾಸ್ ಅಂದುಕೊಂಡೆ.

ಬಣ್ಣ ಹಚ್ಚಲು ಖಾಜಾಭಾಯಿ ಬಂದ. ಬಣ್ಣಗಳ ಕಾರ್ಡಿನಲ್ಲಿ ಉಗುರಿನಷ್ಟಗಲ ಇದ್ದ ಒಂದು ಕೇಸರಿಯನ್ನು ಇಬ್ಬರೂ ಸೇರಿ ಮೆಚ್ಚಿದೆವು. "ಮಸ್ತ್ ಕಲರ್ ಸಾಬ್! ಮೆಹಮಾನ್ ಗೇಟಿನ್ಯಾಗೇ ನಿಂತು ನೋಡ್ಬೇಕು, ಒಳಗ ಬರೋದೇ ಮರೀಬೇಕು" ಎಂದ. ನನಗೂ ಬೇಕಾದದ್ದು ಅದೇ. ಉಗುರಗಲ ಇದ್ದಾಗ ಸೌಮ್ಯವಾಗಿದ್ದ ಆ ಬಣ್ಣ ನಾಲ್ಕು ಗೋಡೆಗೂ ಹತ್ತಿದ ಮೇಲೆ ನಮ್ಮನ್ನು ಹೆದರಿಸತೊಡಗಿತು. ನಾನೂ ಖಾಜಾಭಾಯಿಯೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಇಬ್ಬರ ಮುಖವೂ ಕೇಸರಿಯಾಗಿತ್ತು. "ಒಣಗಿದ್ರ ಕಮ್ಮಿ ಆಗ್ತದ" ಎಂದ ಅವನು, ಧೈರ್ಯಕ್ಕೆ. ಒಣಗಿದ ಮೇಲೆ ಇನ್ನಷ್ಟು ಜೋರಾಯಿತು. ಕಸ್ತೂರಿ ಒಳಗೆ ಬಂದವಳು ಕಣ್ಣು ಕಿರಿದು ಮಾಡಿ ಸುತ್ತ ನೋಡಿ, "ಇನ್ನ ಮ್ಯಾಲ ಸಂಜಿಗಿ ಲೈಟ್ ಹಚ್ಚೋದು ಬ್ಯಾಡ ಬಿಡ್ರಿ" ಎಂದಳು. ಬಾಯಿಗೆ ಸೆರಗು ಅಡ್ಡವಿತ್ತು. ನಕ್ಕಳೋ ಬೈದಳೋ ತಿಳಿಯಲಿಲ್ಲ.

ಉಳಿದದ್ದು ಅಂಗಳ. ಅಲ್ಲಿ ಒಂದು ತುಳಸಿ, ಒಣಗಿದ ಒಂದು ಗುಲಾಬಿ, ತಳ ಒಡೆದ ಒಂದು ಬಕೀಟು ಬಿಟ್ಟರೆ ಬೇರೇನೂ ಇರಲಿಲ್ಲ. ಕಸ್ತೂರಿಯ ತವರು ಕಮಲಾಪುರ. ಅಲ್ಲಿಯ ಕೆಂಪು ಬಾಳೆಹಣ್ಣೆಂದರೆ ಅವಳ ಗೆಳತಿಯರಿಗೂ ಪ್ರಾಣ. ಅಂಗಳದಲ್ಲೇ ಒಂದು ಕೆಂಪು ಬಾಳೆ ಗೊನೆ ತೂಗುತ್ತ ನಿಂತಿದ್ದರೆ? ಬಸ್ಸು ಹತ್ತಿ ಅವಳ ತಮ್ಮ ಮಲ್ಲಣ್ಣನ ತೋಟಕ್ಕೆ ಹೋದೆ. ಅವನು ಒಂದು ಸಸಿ ಕಿತ್ತು ಕೈಗೆ ಕೊಡುತ್ತ, "ಇದನ್ನ ಹಚ್ರಿ ಮಾಮಾ, ಬರೋ ವರ್ಷ ಗೊನಿ ಬಿಡ್ತದ" ಎಂದ.

"ಬರೋ ವರ್ಷ ಅಲ್ಲೋ, ಬರೋ ಐತವಾರಕ್ಕ ಬೇಕು" ಎಂದೆ.

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. ಅಕ್ಕನ ಗೆಳತಿಯರು ಬರುವ ಸಂಗತಿ ಹೇಳಿದೆ. "ಅಕ್ಕ ಬರ್ರಿ ಅಂತ ಅಂದಾಳ?" ಎಂದು ಎರಡು ಸಲ ಕೇಳಿದ. ಆಮೇಲೆ ಗುದ್ದಲಿ ತಂದು, ಗೊನೆ ಹೊತ್ತು ನಿಂತ ಗಿಡವೊಂದನ್ನು ಬೇರು ಮಣ್ಣು ಸಮೇತ ಅಗೆಯತೊಡಗಿದ. "ನಿಲ್ತದೋ ಇಲ್ಲೋ ಗೊತ್ತಿಲ್ಲ ಮಾಮಾ" ಎಂದ. "ಒಂದ್ ದಿನ ನಿಂತ್ರ ಸಾಕು" ಎಂದೆ. ಬಾಡಿಗೆಯ ಟಂಟಂ ಆಟೋದ ಹಿಂಬದಿಯಲ್ಲಿ ಗಿಡವನ್ನು ನಿಲ್ಲಿಸಿಕೊಂಡು, ಅದರ ಎಡಬಲಕ್ಕೆ ನಾವಿಬ್ಬರೂ ಹಿಡಿದು ನಿಂತು ಕಲಬುರಗಿಗೆ ಹೊರಟೆವು. ದಾರಿಯಲ್ಲಿ ಒಬ್ಬ ಮುದುಕ ಕೂಗಿ ಕೇಳಿದ, "ಯಾರ್ದ್ರೀ ಮದುವಿ?" ಮಲ್ಲಣ್ಣ ನನ್ನ ಕಡೆ ಕೈಮಾಡಿ, "ನಮ್ಮ ಮಾಮಾಂದು!" ಎಂದ. ಮುದುಕ ನನ್ನ ಬಿಳಿ ಮೀಸೆ ನೋಡಿ ಎರಡೂ ಕೈ ಎತ್ತಿ ಆಶೀರ್ವಾದ ಮಾಡಿದ.

ಭಾನುವಾರ ಬಂತು. ಬಾಳೆಗಿಡವನ್ನು ಕಿಟಕಿಯ ಸರಳಿಗೆ ಹಗ್ಗದಿಂದ ಬಿಗಿದು, ಹಗ್ಗ ಕಾಣದಂತೆ ಎಲೆ ಇಳಿಬಿಟ್ಟು, ಬುಡಕ್ಕೆ ಧಾರಾಳವಾಗಿ ನೀರು ಹೊಯ್ದಿದ್ದೆ. ಶಮೀಮ್ ಮತ್ತು ಇನ್ನಿಬ್ಬರು ಗೆಳತಿಯರು ಆಟೋ ಇಳಿದರು. ಕಸ್ತೂರಿ ಬಾಗಿಲ ಹಿಂದೆ ಅರ್ಧ ಮರೆಯಾಗಿ ನಿಂತಿದ್ದಳು. ಶಮೀಮ್ ಅವಳನ್ನು ಹೊರಗೆಳೆದು ತಬ್ಬಿಕೊಂಡು, ಇನ್ನೇನು ಗದ್ದ ಹಿಡಿದು ಮುಖ ನೋಡಬೇಕು, ಅಷ್ಟರಲ್ಲಿ ನಾನು ನಡುವೆ ನುಗ್ಗಿ, "ಗ್ವಾಡಿ ನೋಡ್ರಿ ಶಮೀಮಕ್ಕಾರ, ಹೊಸಾ ಬಣ್ಣ!" ಎಂದೆ. ಅವರು ಗೋಡೆ ನೋಡಿದರು. ಕೂತು ಮಾತಿಗೆ ಶುರು ಮಾಡಿದರೆ, "ಫರ್ಸಿ ಪಾಲಿಶ್ ಮಾಡ್ಸೀನ್ರಿ, ನೋಡ್ರಿ" ಎಂದೆ. ಅವರು ನೆಲ ನೋಡಿದರು. ಯಾರಾದರೂ ಕಸ್ತೂರಿಯ ಕಡೆ ತಿರುಗಿದರೆ ಸಾಕು, ಕಿಟಕಿಯ ಪರದೆಯೋ ಹೊಸ ನಲ್ಲಿಯೋ ನನಗೆ ನೆನಪಾಗುತ್ತಿತ್ತು. ತೋರಿಸಲು ಏನೂ ಉಳಿಯದಾಗ ಎಲ್ಲರನ್ನೂ ಅಂಗಳಕ್ಕೆ ಹೊರಡಿಸಿದೆ.

"ಅಯ್ಯ, ಕೆಂಪು ಬಾಳಿ! ಹಚ್ಚಿ ಎಷ್ಟ್ ದಿನ ಆಯ್ತ್ರಿ?" ಎಂದು ಶಮೀಮ್ ಕೇಳಿದಳು.

"ಭಾಳ ದಿನ ಆಯ್ತ್ರಿ. ನಮ್ಮ ಅಂಗಳದ ಮಣ್ಣಂದ್ರ ಬಂಗಾರ" ಎನ್ನುತ್ತ ನಾನು ಗಿಡದ ಬೆನ್ನು ತಟ್ಟಿದೆ. ತಟ್ಟಬಾರದಿತ್ತು. ಹಗ್ಗ ಸಡಿಲಾಯಿತು. ಗಿಡ ನನ್ನ ಕಡೆ ವಾಲಿತು. ನಾನು ಅದನ್ನು ಎರಡೂ ಕೈಯಿಂದ ತಬ್ಬಿಕೊಂಡೆ. ಅದೂ ನನ್ನನ್ನು ಬಿಡಲಿಲ್ಲ. ನಾನೇ ಧಾರಾಳವಾಗಿ ನೀರು ಹೊಯ್ದ ಕರಿಮಣ್ಣಿನಲ್ಲಿ ನಾವಿಬ್ಬರೂ ನಿಧಾನಕ್ಕೆ, ಮರ್ಯಾದೆಯಿಂದ ಮಲಗಿದೆವು. ಗೊನೆ ನನ್ನ ಹೊಟ್ಟೆಯ ಮೇಲಿತ್ತು.

ಆಮೇಲೆ ಎಲೆಗಳ ಆಚೆಯಿಂದ ಒಂದು ಸದ್ದು ಕೇಳಿತು. ಕಸ್ತೂರಿ ನಗುತ್ತಿದ್ದಳು. ಎರಡೂ ಕೈ ಹೊಟ್ಟೆ ಹಿಡಿದಿದ್ದರಿಂದ ಸೆರಗು ಹಿಡಿಯಲು ಕೈ ಉಳಿದಿರಲಿಲ್ಲ. "ಭಾಳ ದಿನ ಆಗ್ಯಾದಂತ! ಮೊನ್ನಿ ತಂದಾರವ್ವಾ, ಟಂಟಂದಾಗ, ದಿಬ್ಬಣ ತಂದಂಗ!" ಎಂದು ಹೇಳುವಷ್ಟರಲ್ಲಿ ಮತ್ತೆ ನಗು. ತುಟಿಯ ಎಡತುದಿ ತಡವಾಗಿ ಎದ್ದಿತೋ ಬೇಗ ಎದ್ದಿತೋ, ಕೆಸರಿನಲ್ಲಿದ್ದ ನನಗೆ ಕಾಣಲಿಲ್ಲ. ನಿಂತು ನೋಡುತ್ತಿದ್ದವರಿಗೂ ಅದರ ಗೊಡವೆ ಇದ್ದಂತಿರಲಿಲ್ಲ. ಶಮೀಮ್ ಕಣ್ಣೊರೆಸಿಕೊಳ್ಳುತ್ತ, "ಈಗ ಸಿಕ್ಕಿ ನೋಡು ನೀ! ಬಂದಾಗಿಂದ ಯಾರ್ ಮನಿಗಿ ಬಂದೀನಂತ ನಂಗೇ ತಿಳೀದಂಗ ಆಗಿತ್ತು" ಎಂದಳು. ನನ್ನನ್ನು ಎಬ್ಬಿಸುವ ಯೋಚನೆ ಅವರಿಗೆ ಬಂದದ್ದು ಸ್ವಲ್ಪ ಹೊತ್ತಿನ ಮೇಲೆ.

ಸಂಜೆ ಅವರೆಲ್ಲ ಹೋದ ಮೇಲೆ ಕಸ್ತೂರಿ ನನ್ನ ಎದುರು ಬಂದು ಕೂತಳು. "ಖರೆ ಹೇಳ್ರಿ. ನನ್ನ ಮಾರಿ ಯಾರೂ ನೋಡಬಾರ್ದಂತ ಇಷ್ಟೆಲ್ಲಾ ಮಾಡೀರಿ, ಹೌದಿಲ್ಲ?"

"ನಿಂಗ ತ್ರಾಸ ಆಗಬಾರ್ದಂತ..." ಎಂದು ತೊದಲಿದೆ.

"ತ್ರಾಸ ಯಾವುದು ಗೊತ್ತೇನು? ಒಂದ್ ವರ್ಷದಿಂದ ಮಾತಾಡುವಾಗ ನೀವು ನನ್ನ ಬಿಟ್ಟು ಗ್ವಾಡಿ ನೋಡ್ತಿದ್ರಿ. ಮನಿಯವರೇ ನೋಡೋದಿಲ್ಲಂದ್ರ ಮಾರಿ ಭಾಳ ಕೆಟ್ಟಿರಬೇಕಂತ ತಿಳ್ಕೊಂಡಿದ್ದೆ."

ಅವಳಿಗೆ ಮುಜುಗರವಾಗಬಾರದೆಂದು ನಾನು ಬೇರೆ ಕಡೆ ನೋಡುತ್ತಿದ್ದೆನೆಂದು ಹೇಗೆ ಹೇಳಲಿ? ಕುರ್ಚಿ ಹತ್ತಿರಕ್ಕೆ ಎಳೆದುಕೊಂಡು ಅವಳನ್ನೇ ನೋಡುತ್ತ ಕೂತೆ. "ಸಾಕ್ ಬಿಡ್ರಿ, ದೃಷ್ಟಿ ಆಗ್ತದ" ಎಂದು ನಕ್ಕು ಎದ್ದುಹೋದಳು.

ಈಗ ಹೊಲಿಗೆಯ ಹುಡುಗಿಯರು ಮರಳಿ ಬರುತ್ತಿದ್ದಾರೆ. ನಡುಮನೆಯ ತುಂಬ ಮಷಿನ್ನುಗಳ ಸದ್ದು, ಬಟ್ಟೆಯ ಚೂರು, ಮಾತು. ನನಗೆ ಕೂರಲು ಅಂಗಳದಲ್ಲಿ ಒಂದು ಕುರ್ಚಿ ಹಾಕಿಕೊಟ್ಟಿದ್ದಾರೆ. ಕಸ್ತೂರಿಯಂತೂ ಸಂತೆ, ಸೀಮಂತ, ಶಮೀಮಳ ಮನೆ ಎಂದು ತಿರುಗಾಟ ಹಚ್ಚಿಕೊಂಡಿದ್ದಾಳೆ. ಮೊನ್ನೆ ಹೀಗೇ ಅವಳು ಹೊರಗೆ ಹೋಗಿದ್ದಾಗ ಹೊಸ ಹುಡುಗಿಯೊಬ್ಬಳು ಕುಪ್ಪಸದ ಬಟ್ಟೆ ಹಿಡಿದು ಗೇಟಿನಲ್ಲಿ ನಿಂತಳು. ಕೇಸರಿ ಗೋಡೆಗಳ ಆಚೆ ಒಳಗೆಲ್ಲ ಇಣುಕಿ ನೋಡಿ, ಎದುರಿಗೇ ಕೂತಿದ್ದ ನನ್ನನ್ನು ಕೇಳಿದಳು, "ಮನ್ಯಾಗ ಯಾರೂ ಇಲ್ಲೇನ್ರೀ?"

"ಯಾರೂ ಇಲ್ಲವ್ವ, ಸಂಜಿಗಿ ಬಾ" ಎಂದು ಹೇಳಿ ಕಳಿಸಿದೆ.