ಏಳನೇ ನಂಬರಿನ ಪಾರ್ಕಿಂಗ್ ಜಾಗದಲ್ಲಿರುವ ವಿಮಾನ ಮತ್ತು ಅದರ ಎಂಜಿನ್ ಕುರಿತು

ನಿವಾಸಿಗಳ ಸಂಘ (ಹೆಸರು ಇನ್ನೂ ತೀರ್ಮಾನವಾಗಿಲ್ಲ)
ವಾಹನ ನಿಲುಗಡೆ ಮತ್ತು ಒಣಹಾಕುವಿಕೆ ವಿಭಾಗ, ಕುಂಕಳ್ಳಿ, ಗೋವಾ

ಸಂಖ್ಯೆ: ನಿಸಂ/ವಾನಿ-ಒಹಾ/ಜಾಗ-೭/ವಿಮಾನ/೦೪
ದಿನಾಂಕ: ೧೮ ನವೆಂಬರ್, ಮಂಗಳವಾರ

ಸುತ್ತೋಲೆ

ವಿಷಯ: ನಿವಾಸಿಯೊಬ್ಬರು ಮನೆಯಲ್ಲೇ ಕಟ್ಟುತ್ತಿರುವ ಮೊದಲ ವಿಮಾನಕ್ಕೆ ಎಂಜಿನ್ ಆರಿಸಿಕೊಂಡ ಬಗ್ಗೆ ಹಾಗೂ ಇತರರು ನಡೆದುಕೊಳ್ಳಬೇಕಾದ ರೀತಿಯ ಬಗ್ಗೆ.

ಉಲ್ಲೇಖ: (೧) ಎಂಟನೇ ಜಾಗದ ಶ್ರೀಮತಿ ದೇವಿಬಾಯಿ ಅವರ ಮೌಖಿಕ ದೂರು, ಮೆಟ್ಟಿಲ ಮೇಲೆ ಸ್ವೀಕರಿಸಿದ್ದು.
(೨) ಅದೇ ದೂರು, ಇನ್ನಷ್ಟು ಜೋರಾಗಿ.

ಪೀಠಿಕೆ: ಏಳನೇ ಜಾಗವನ್ನು ಕೈಗಾರಿಕಾ ವಸಾಹತಿನ ಫಿಟ್ಟರ್ ಶ್ರೀ ಗುರುಲಿಂಗ ಅವರಿಗೆ ಒಂದು ದ್ವಿಚಕ್ರ ವಾಹನಕ್ಕೆಂದು ಹಂಚಿಕೆ ಮಾಡಲಾಗಿತ್ತು. ಸದರಿ ಜಾಗದಲ್ಲಿ ಮೂರು ಚಕ್ರ, ಒಂದು ಬಾಲ ಮತ್ತು ಎರಡು ರೆಕ್ಕೆ ಇರುವುದು ತಪಾಸಣೆಯಲ್ಲಿ ಕಂಡುಬಂದಿತು. ರೆಕ್ಕೆ ಇರುವ ವಾಹನದ ಬಗ್ಗೆ ಸಂಘದ ನಿಯಮಾವಳಿ ಮೌನವಾಗಿದೆ. ಆದ್ದರಿಂದ ನಡೆದದ್ದನ್ನು ನಡೆದ ಕ್ರಮದಲ್ಲೇ ದಾಖಲಿಸಿ, ಅಲ್ಲಲ್ಲಿ ಅಗತ್ಯ ಸೂಚನೆಗಳನ್ನು ನೀಡಲಾಗಿದೆ.

೧. ಶ್ರೀ ಗುರುಲಿಂಗ ಅವರು ಕಳೆದ ವರ್ಷ ಘಟ್ಟದ ಮೇಲಿನ ಒಂದು ವಿಮಾನ ತರಬೇತಿ ಮೈದಾನಕ್ಕೆ ಶೆಡ್ಡಿನ ಬಾಗಿಲು ವೆಲ್ಡಿಂಗ್ ಮಾಡಲು ಹೋಗಿದ್ದರು. ಕೆಲಸ ಮೆಚ್ಚಿದ ಅಲ್ಲಿಯವರು ಅವರನ್ನು ಸಣ್ಣ ವಿಮಾನದಲ್ಲಿ ಹನ್ನೆರಡು ನಿಮಿಷ ಸುತ್ತಿಸಿ ತಂದರು. ಮನೆಗೆ ಬಂದವರು ಊಟಕ್ಕೂ ಕೂರದೆ ಆ ಹನ್ನೆರಡು ನಿಮಿಷವನ್ನು ಒಂದು ಗಂಟೆ ವರ್ಣಿಸಿದರೆಂದೂ, ಅವರ ಪತ್ನಿ ಶ್ರೀಮತಿ ಸತ್ಯವ್ವ ಎಲ್ಲವನ್ನೂ ಕೇಳಿ, "ಎಲ್ಲಾ ಖರೇ. ನನ್ನ ಯಾಕ ಕರಕೊಂಡು ಹೋಗ್ಲಿಲ್ರಿ?" ಎಂದು ಕೇಳಿದರೆಂದೂ ತಿಳಿದುಬಂದಿದೆ. ಶ್ರೀಮತಿ ಸತ್ಯವ್ವ ಹತ್ತೊಂಬತ್ತು ವರ್ಷಗಳಿಂದ ಮೀನು ಪ್ಯಾಕಿಂಗ್ ಕಾರ್ಖಾನೆಯಲ್ಲಿ ಸಿಗಡಿ ಸುಲಿದು ತೂಗುವ ಕೆಲಸದಲ್ಲಿದ್ದಾರೆ. ಅಂದಿನಿಂದ ಶ್ರೀ ಗುರುಲಿಂಗ ರಜೆಯ ದಿನಗಳಲ್ಲಿ ಹಾರಾಟ ಕಲಿಯತೊಡಗಿದರು. ಮನೆಯಲ್ಲಿ ಎರಡು ಸೀಟಿನ ವಿಮಾನ ಕಟ್ಟುವುದೆಂದು ಇಬ್ಬರೂ ಸೇರಿ ನಿರ್ಧರಿಸಿದರು. ಒಂದು ಸೀಟಿನ ನಕ್ಷೆಯನ್ನು ಶ್ರೀಮತಿ ಸತ್ಯವ್ವ ನೋಡದೆಯೇ ತಿರಸ್ಕರಿಸಿರುತ್ತಾರೆ.

೨. ಕೊಳವೆ ಕತ್ತರಿಸುವುದು, ಬೆಸೆಯುವುದು ಗಂಡನ ಪಾಲಿಗೆ ಬಂತು. ರೆಕ್ಕೆಯ ಪಟ್ಟಿಗಳಿಗೆ ಬಟ್ಟೆ ಹೊಲಿಯುವುದು ಹೆಂಡತಿಯ ಪಾಲಿಗೆ. ಎಡ ರೆಕ್ಕೆ ಮುಗಿದು, ಬಣ್ಣ ಬಳಿದು, ಬಿಸಿಲಿಗೆ ಇಟ್ಟಿದ್ದಾಗ ಶ್ರೀಮತಿ ದೇವಿಬಾಯಿ ಅದರ ಮೇಲೆ ಹಪ್ಪಳ ಹರಡಿದರು. ಬಣ್ಣ ಒಣಗಿರಲಿಲ್ಲ. ಹದಿನಾಲ್ಕು ಹಪ್ಪಳಗಳನ್ನು ಬಿಡಿಸಲಾಯಿತು. ಬಿಡಿಸಲಾಗದ ಎರಡನ್ನು ರೆಕ್ಕೆಯ ಭಾಗವೆಂದು ಪರಿಗಣಿಸಲಾಗಿದೆ. ಇನ್ನು ಮುಂದೆ ಹಪ್ಪಳ, ಸಂಡಿಗೆ, ಕೋಕಂ ಇತ್ಯಾದಿಗಳನ್ನು ಯಾವುದೇ ವಿಮಾನದ ಮೇಲೆ, ಅದು ಎಷ್ಟೇ ಹೊತ್ತು ಸುಮ್ಮನೆ ನಿಂತಿದ್ದರೂ, ಒಣಹಾಕತಕ್ಕದ್ದಲ್ಲ.

೩. ಮುಂದಿನ ಪ್ರಶ್ನೆ ಎಂಜಿನ್. ಈ ಬಗ್ಗೆ ಸಂಕೀರ್ಣದ ಇಪ್ಪತ್ತೆರಡು ಮನೆಗಳಿಂದ ಇಪ್ಪತ್ತಾರು ಸಲಹೆಗಳು ಬಂದವು. ಅವುಗಳಲ್ಲಿ ಒಂದು ಹಿಟ್ಟಿನ ಗಿರಣಿಯ ಎಂಜಿನ್ ಹಾಕಬೇಕೆಂಬುದು. ಇನ್ನು ಮುಂದೆ ಸಲಹೆಗಳನ್ನು ಬೆಳಿಗ್ಗೆ ಏಳರ ನಂತರ, ಲಿಖಿತವಾಗಿ, ಮನೆಗೊಂದರಂತೆ ಮಾತ್ರ ಸ್ವೀಕರಿಸಲಾಗುವುದು.

೪. ಶ್ರೀ ಗುರುಲಿಂಗ ಅವರ ಮನಸ್ಸು ಹಳೆಯ ವ್ಯಾನೊಂದರ ಎಂಜಿನ್ ಮೇಲಿತ್ತು. ಕುಡಚಡೆಯ ಗ್ಯಾರೇಜಿನ ಶ್ರೀ ಅಬ್ರಾರ ಅದನ್ನು ಅವರಿಗಾಗಿ ತೆಗೆದಿಟ್ಟಿದ್ದರು. "ಇದರ ನಟ್ಟು ನಟ್ಟು ನನಗ ಗೊತ್ತೈತ್ರಿ. ಕಣ್ಣು ಮುಚ್ಚಿ ಬಿಚ್ಚಿ ಜೋಡಸ್ತೇನಿ" ಎಂಬುದು ಶ್ರೀ ಗುರುಲಿಂಗ ಅವರ ಹೇಳಿಕೆ. ಆದರೆ ನಕ್ಷೆಯ ಪುಸ್ತಕದ ಪ್ರಕಾರ ಎಂಜಿನ್ ಅರವತ್ತು ಕಿಲೋ ಮೀರುವಂತಿಲ್ಲ. ಕೂರುವವರು ಇಬ್ಬರೂ ಸೇರಿ ನೂರ ನಲವತ್ತೈದು ಮೀರುವಂತಿಲ್ಲ. ಎಂಜಿನ್ ಎಷ್ಟು ಮೀರಿದರೆ ಅಷ್ಟನ್ನು ಕೂರುವವರಿಂದ ಕಳೆಯಬೇಕು. ವ್ಯಾನಿನ ಎಂಜಿನ್ ಎಂಬತ್ತೆಂಟು ಕಿಲೋ ತೂಗಿತು.

೫. ದಂಪತಿಗಳ ತೂಕವನ್ನು ಕಾರ್ಖಾನೆಯ ತಕ್ಕಡಿಯಲ್ಲಿ ಅನುಮತಿ ಪಡೆದು ನೋಡಲಾಯಿತು. ಪತಿ ಎಂಬತ್ನಾಲ್ಕು, ಪತ್ನಿ ಐವತ್ತೊಂಬತ್ತು; ವ್ಯಾನಿನ ಎಂಜಿನ್ ಇಟ್ಟರೆ ಒಟ್ಟು ಇಪ್ಪತ್ತಾರು ಕಿಲೋ ಹೆಚ್ಚು. ತಕ್ಕಡಿ ತಾನಾಗಿ ಮುದ್ರಿಸಿದ ಚೀಟಿಗಳಲ್ಲಿ ಇಬ್ಬರ ವಿವರ 'ಸಿಗಡಿ, ದೊಡ್ಡದು' ಎಂದು ಬಂದಿದ್ದು, ತಿದ್ದುಪಡಿ ಇಲ್ಲದೆ ಕಡತಕ್ಕೆ ಲಗತ್ತಿಸಲಾಗಿದೆ.

೬. ಆದಕಾರಣ ಶ್ರೀ ಗುರುಲಿಂಗ ಅವರಿಗೆ ಯಾವ ಮನೆಯವರೂ ಹೋಳಿಗೆ, ಮಿರ್ಚಿ ಭಜಿ, ಉಳಿದ ಪಾಯಸ ಕೊಡಬಾರದೆಂದು ಆಗಸ್ಟಿನಲ್ಲಿ ಆದೇಶಿಸಲಾಯಿತು. ಗಣೇಶ ಚೌತಿಯ ಮೋದಕಗಳನ್ನು ಅವರು ನೋಡಬಹುದು ಎಂದು ಸ್ಪಷ್ಟೀಕರಣ ನೀಡಲಾಯಿತು. ಅವರು ಏಳು ಕಿಲೋ ಇಳಿದರು. ಇನ್ನೂ ಹತ್ತೊಂಬತ್ತು ಕಿಲೋ ಉಳಿಯಿತು.

೭. ಆಗ ಶ್ರೀ ಗುರುಲಿಂಗ, "ಮೊದಲ ನಾ ಒಬ್ಬನ ಹಾರ್ತೇನಿ. ನಿಂದು ಆಮ್ಯಾಲ ನೋಡೂಣು" ಎಂದರು. ಶ್ರೀಮತಿ ಸತ್ಯವ್ವ ಸೂಜಿಯನ್ನು ಬಟ್ಟೆಗೆ ಚುಚ್ಚಿ ಎದ್ದು ನಿಂತು ಕೇಳಿದ ಪ್ರಶ್ನೆ ಹೀಗಿದೆ: "ನೀವು ಎಪ್ಪತ್ತೇಳು, ನಾ ಐವತ್ತೊಂಬತ್ತು. ಒಬ್ರ ಹಾರೂದು ಅಂದ್ರ, ತೂಕದ ಪ್ರಕಾರ ಯಾರು ಹಾರಬೇಕ್ರಿ?"

೮. ತದನಂತರ ಹನ್ನೊಂದು ದಿನ ದಂಪತಿಗಳ ನಡುವೆ ಮಾತುಕತೆ ಸ್ಥಗಿತಗೊಂಡಿತು. ಬುತ್ತಿ ಎಂದಿನಂತೆ ಹೋಗುತ್ತಿತ್ತು, ಮಾತು ಹೋಗುತ್ತಿರಲಿಲ್ಲ. ಬಲ ರೆಕ್ಕೆ ಅರ್ಧ ಹೊಲಿದಲ್ಲಿಗೇ ನಿಂತಿತು. ಶ್ರೀ ಗುರುಲಿಂಗ ತಾವೇ ಹೊಲಿಯಲು ಯತ್ನಿಸಿ, ತಮ್ಮ ಅಂಗಿಯ ತೋಳನ್ನು ರೆಕ್ಕೆಗೆ ಸೇರಿಸಿಕೊಂಡರು. ಅಂಗಿಯನ್ನು ಬಿಡಿಸಲು ಕೆಳಗೆ ಸಹಿ ಮಾಡಿರುವ ಕಾರ್ಯದರ್ಶಿ ತೆರಳಬೇಕಾಯಿತು. ಒಬ್ಬರೇ ರೆಕ್ಕೆ ಹೊಲಿಯುವುದನ್ನು ಈ ಮೂಲಕ ನಿಷೇಧಿಸಲಾಗಿದೆ.

೯. ಸದರಿ ಬಿಡಿಸುವಿಕೆಯ ವೇಳೆ ಶ್ರೀ ಗುರುಲಿಂಗ ತಲೆ ಎತ್ತದೆ ನೀಡಿದ ಹೇಳಿಕೆಯನ್ನು ಕಾರ್ಯದರ್ಶಿ ರೂಢಿಯಂತೆ ಬರೆದುಕೊಂಡರು: "ಹಗೂರ ಎಂಜಿನ್ ಮೈದಾನದಾಗ ಒಂದು ಐತ್ರಿ ಸಾಹೇಬ್ರ. ಐವತ್ತೆಂಟ ಕಿಲೋ. ಆದ್ರ ಅದರ ಹೊಟ್ಯಾಗ ಏನೈತಿ ನನಗ ಗೊತ್ತಿಲ್ಲ. ಗೊತ್ತಿಲ್ದ ಎಂಜಿನ್ ಮ್ಯಾಲ ಆಕಿನ್ನ ಹೆಂಗ ಕುಂದ್ರಸ್ಲಿ? ನಾ ಒಬ್ಬನ ಇದ್ದು ಏನರ ಆದ್ರ ಆಗ್ಲಿ. ಆಕಿ ಇದ್ದಾಗ ಆಗಬಾರ್ದು."

೧೦. ನಿಯಮದ ಪ್ರಕಾರ ಎಲ್ಲ ಹೇಳಿಕೆಗಳನ್ನೂ ಸೂಚನಾ ಫಲಕದಲ್ಲಿ ಪ್ರಕಟಿಸಬೇಕು. ಪ್ರಕಟಿಸಲಾಯಿತು. ಮರುದಿನ ಬೆಳಿಗ್ಗೆ ಆರೂಕಾಲಿಗೆ ಕೆಲಸಕ್ಕೆ ಹೊರಟಿದ್ದ ಶ್ರೀಮತಿ ಸತ್ಯವ್ವ ಫಲಕದ ಮುಂದೆ ನಿಂತರು. ಕಾರ್ಖಾನೆಯ ಬಸ್ಸು ಎರಡು ಸಲ ಹಾರ್ನ್ ಹೊಡೆದು ಹೋಯಿತು. ಅವರು ವಾಪಸು ಮೆಟ್ಟಿಲು ಹತ್ತಿ, ಹಲ್ಲುಜ್ಜುತ್ತಿದ್ದ ಪತಿಗೆ ಹೇಳಿದ್ದು ಮೂರೂ ಮಹಡಿಗಳಲ್ಲಿ ಕೇಳಿಸಿದೆ. ಆದ್ದರಿಂದ ಇದನ್ನು ಸಾರ್ವಜನಿಕ ಹೇಳಿಕೆಯೆಂದು ಪರಿಗಣಿಸಲಾಗಿದೆ: "ಗೊತ್ತಿಲ್ಲಂದ್ರ ಕಲೀರಿ! ನಾ ಏನ್ ಹುಟ್ಟಿದಾಗಿಂದ ಸಿಗಡಿ ಸುಲೀತಿದ್ನಿ? ಇಷ್ಟು ಮಾತು ನನ್ನ ಮುಂದ ಆಡಾಕ ಏನಾಗಿತ್ರಿ ನಿಮಗ?" ಶ್ರೀ ಗುರುಲಿಂಗ ಅವರ ಬಾಯಲ್ಲಿ ಪೇಸ್ಟ್ ಇದ್ದ ಕಾರಣ ಉತ್ತರ ತಡವಾಯಿತು. "ಕಲೀತೇನಿ" ಎಂಬುದು ಅವರ ಉತ್ತರ.

೧೧. ವ್ಯಾನಿನ ಎಂಜಿನ್ ಬೇಡವೆಂದು ಶ್ರೀ ಅಬ್ರಾರ ಅವರಿಗೆ ತಿಳಿಸಲಾಯಿತು. ಅವರು ಬೇಸರಿಸಿಕೊಳ್ಳದೆ ಹಗುರ ಎಂಜಿನ್ನನ್ನು ತಮ್ಮ ಟೆಂಪೋದಲ್ಲೇ ತಂದಿಳಿಸಿದರು. ಅದರ ಕೈಪಿಡಿ ಇಂಗ್ಲಿಷಿನಲ್ಲಿದ್ದು ಇನ್ನೂರ ಹನ್ನೆರಡು ಪುಟಗಳಿವೆ. ಬಂದರಿನ ಕಚೇರಿಯ ಟಪಾಲು ವಿಭಾಗದಲ್ಲಿ ಮೂವತ್ತೊಂದು ವರ್ಷ ದುಡಿದ ಕಾರ್ಯದರ್ಶಿ ಪ್ರತಿ ಭಾನುವಾರ ಅದನ್ನು ಓದಿ ಕನ್ನಡದಲ್ಲಿ ಹೇಳಿದರು. ಶ್ರೀ ಗುರುಲಿಂಗ ಎಂಜಿನ್ನನ್ನು ಮೈದಾನದ ಮೆಕ್ಯಾನಿಕ್ ಎದುರು ಎರಡು ಸಲ ಪೂರ್ತಿ ಬಿಚ್ಚಿ ಜೋಡಿಸಿದರು. ಮೊದಲ ಸಲ ಒಂದು ವಾಷರ್ ಉಳಿಯಿತು, ಎರಡನೇ ಸಲ ಏನೂ ಉಳಿಯಲಿಲ್ಲ. ಅಷ್ಟರಲ್ಲಿ ಬಲ ರೆಕ್ಕೆಯೂ ಮುಗಿದಿತ್ತು. ಓದುವ ವೇಳೆ ಒಗ್ಗರಣೆ ಹಾಕುವವರು ಕಿಟಕಿ ಮುಚ್ಚತಕ್ಕದ್ದು. ಪಿಸ್ಟನ್ ಅಧ್ಯಾಯದಲ್ಲಿ ಕಾರ್ಯದರ್ಶಿಗೆ ಮೂರು ಸಲ ಸೀನು ಬಂದಿರುತ್ತದೆ.

೧೨. ಕಳೆದ ಭಾನುವಾರ ರೆಕ್ಕೆಗಳನ್ನು ಬಿಚ್ಚಿಟ್ಟು, ವಿಮಾನವನ್ನು ಅಂಗಳಕ್ಕೆ ತಳ್ಳಿ, ಬಾಲವನ್ನು ತೆಂಗಿನ ಮರಕ್ಕೆ ಎರಡು ಹಗ್ಗಗಳಿಂದ ಕಟ್ಟಿ, ಎಂಜಿನ್ನನ್ನು ಮೊದಲ ಬಾರಿ ಚಾಲೂ ಮಾಡಲಾಯಿತು. ಎರಡನೇ ಮಹಡಿಯ ಹಗ್ಗದಿಂದ ಹಾರಿದ ಬಟ್ಟೆಗಳ ಪಟ್ಟಿ ಪ್ರತ್ಯೇಕವಾಗಿದೆ. ಒಂದು ಲುಂಗಿ ಇನ್ನೂ ಪತ್ತೆಯಾಗಿಲ್ಲ. ಸಿಕ್ಕವರು ಅದನ್ನು ವಿಮಾನದ ಬಿಡಿಭಾಗವೆಂದು ಭಾವಿಸದೆ ಹಿಂದಿರುಗಿಸತಕ್ಕದ್ದು.

೧೩. ಎಂಜಿನ್ ಇಪ್ಪತ್ತು ನಿಮಿಷ ಒಂದೇ ಸಮನೆ ಓಡಿತು. ಶ್ರೀ ಗುರುಲಿಂಗ ಎಡ ಸೀಟಿನಲ್ಲಿ ಗೇಜುಗಳನ್ನೇ ನೋಡುತ್ತ ಕುಳಿತಿದ್ದರು. ಬಲ ಸೀಟಿನಲ್ಲಿದ್ದ ಶ್ರೀಮತಿ ಸತ್ಯವ್ವ ಒಂದು ಕೈಯನ್ನು ಹೊರಗೆ ಗಾಳಿಗೆ ಚಾಚಿ, ಪತಿಯ ಕಿವಿಯ ಬಳಿ ಏನನ್ನೋ ಹೇಳಿದರು. ಶಬ್ದದ ಕಾರಣ ಅದು ಕಾರ್ಯದರ್ಶಿಗೆ ಕೇಳಿಸಿಲ್ಲ, ದಾಖಲಾಗಿಲ್ಲ, ಫಲಕದಲ್ಲಿ ಪ್ರಕಟಿಸಲಾಗುವುದಿಲ್ಲ. ಶ್ರೀ ಗುರುಲಿಂಗ ಅವರಿಗೆ ಕೇಳಿಸಿತು. ಅವರು ಗೇಜುಗಳನ್ನು ನೋಡುವುದನ್ನು ಬಿಟ್ಟು ಪತ್ನಿಯ ಕಡೆ ತಿರುಗಿದರು.

ಸಹಿ/-
ಕಮಲಾಕರ
ಕಾರ್ಯದರ್ಶಿ (ಭಾನುವಾರಗಳಂದು ಓದುಗ)

ಪ್ರತಿಗಳು:
೧. ಸೂಚನಾ ಫಲಕಕ್ಕೆ, ಗಾಜಿನ ಒಳಗೆ.
೨. ಶ್ರೀಮತಿ ದೇವಿಬಾಯಿ ಅವರಿಗೆ, ಎರಡು ಹಪ್ಪಳಗಳ ಬಾಬತ್ತು.
೩. ಶ್ರೀ ಅಬ್ರಾರ ಅವರಿಗೆ, ಟೆಂಪೋಗಾಗಿ ವಂದನೆಗಳೊಂದಿಗೆ.
೪. ಲುಂಗಿಯ ಮಾಲೀಕರಿಗೆ, ಅವರು ಹೊರಗೆ ಬಂದಾಗ.
೫. ಘಟ್ಟದ ಮೇಲಿನ ತರಬೇತಿ ಮೈದಾನಕ್ಕೆ: ಹಾರಾಟದ ಪರವಾನಗಿ ಬಂದ ಕೂಡಲೇ ಬರುವವರು ಒಬ್ಬರಲ್ಲ, ಇಬ್ಬರು ಎಂಬ ಮಾಹಿತಿಗಾಗಿ.