ಬಲಮೂಲೆಯ ಚೌಕ

ಎಲ್ಲ ತಾಪತ್ರಯಕ್ಕೂ ಕಾರಣ ಒಂದು ಮೆಟ್ಟಿಲು. ಮಧ್ಯಾಹ್ನ ಮನೆ ಕಟ್ಟಿಸುವವರೊಬ್ಬರು ಕಚೇರಿಗೆ ಬಂದು, ನಕ್ಷೆಯ ಮೇಲೆ ಬೆರಳಿಟ್ಟು, "ಎಂಥಾ ತಲೆ ಸಾರ್ ನಿಮ್ದು! ಇಷ್ಟೇ ಇಷ್ಟು ಜಾಗದಲ್ಲಿ ಎಷ್ಟು ಚೆಂದ ಮೆಟ್ಲು!" ಎಂದು ಆರ್ಕಿಟೆಕ್ಟ್ ಸಾಹೇಬರ ಕೈ ಕುಲುಕಿದರು. ಸಾಹೇಬರು ನಾಚಿಕೊಂಡು, "ಏನೋ, ನಿಮ್ಮ ಅಭಿಮಾನ" ಎಂದರು.

ಆ ಮೆಟ್ಟಿಲನ್ನು ಮೂರು ದಿನ ಕೂತು ಬರೆದವನು ಮೂಲೆಯ ಮೇಜಿನ ಟೇಪಣ್ಣ. ಹದಿನೆಂಟು ವರ್ಷದಿಂದ ಅಲ್ಲಿ ನಕ್ಷೆ ಬರೆಯುತ್ತಿರುವ ಅವನ ಜೇಬಿನಲ್ಲಿ ಅಳತೆಯ ಟೇಪು ಸದಾ ಇರುವುದರಿಂದ ಆ ಹೆಸರು. ಅವನು ಬರೆದ ಪ್ರತಿ ಹಾಳೆಯ ಕೆಳಗೆ, ಬಲಮೂಲೆಯಲ್ಲಿ, ಒಂದು ಚೌಕವಿರುತ್ತದೆ. ಚೌಕ ಬರೆಯುವವನು ಅವನು, ಒಳಗೆ ಸಹಿ ಹಾಕುವವರು ಸಾಹೇಬರು. ಡಿಗ್ರಿ ಇಲ್ಲದವನು ಅದರೊಳಗೆ ಒಂದು ಚುಕ್ಕಿಯನ್ನೂ ಇಡುವಂತಿಲ್ಲ.

ಆ ಸಹಿಯ ಆಸೆಗೇ ಟೇಪಣ್ಣ ನಲವತ್ತೊಂದನೆಯ ವಯಸ್ಸಿನಲ್ಲಿ ಗುಟ್ಟಾಗಿ ಆರ್ಕಿಟೆಕ್ಚರ್ ಪ್ರವೇಶ ಪರೀಕ್ಷೆ ಬರೆದು ಪಾಸಾಗಿದ್ದ. ಎರಡು ಕಾಲೇಜುಗಳು ಸೀಟು ಕೊಡಲು ಒಪ್ಪಿದ್ದವು. ಇಂದು ನಾಲ್ಕು ಗಂಟೆಯೊಳಗೆ ಒಂದಕ್ಕೆ ಹೋಗಿ ಸಹಿ ಹಾಕದಿದ್ದರೆ ಎರಡೂ ಕೈಬಿಟ್ಟಂತೆ. ವಾರದಿಂದ ಯಾವುದು ಯಾವುದು ಎಂದು ಒದ್ದಾಡುತ್ತಿದ್ದವನು ಸಾಹೇಬರ ಆ ನಾಚಿಕೆ ನೋಡಿದ್ದೇ ತಡ, ಹೊಟ್ಟೆನೋವೆಂದು ಎದ್ದುಬಿಟ್ಟ.

"ಹೊಟ್ಟೆ ನೋಯೋರು ಮಾರ್ಕ್ಸ್ ಕಾರ್ಡ್ ಹಿಡ್ಕೊಂಡು ಹೋಗ್ತಾರೇನೋ?" ಕಟ್ಟಡಗಳ ಪುಟ್ಟ ಮಾದರಿ ಮಾಡುವ ಥರ್ಮಕೋಲ್ ಅಕ್ಕ ಬಾಗಿಲಲ್ಲೇ ಹಿಡಿದಳು. ಗುಟ್ಟು ಹೊರಬಿದ್ದ ಮೇಲೆ ಸಲಹೆಗೇನು ಬರ? "ಮೊದಲ್ನೇ ದಿನದಿಂದಲೇ ಕೈಲಿ ಕೆಲಸ ಮಾಡಿಸೋ ಕಾಲೇಜು ಹಿಡಿ. ಬರೀ ಪಾಠ ಅಂದ್ರೆ ನೀನು ನಿದ್ದೆ ಹೊಡೀತೀಯ."

ಫೋನ್ ಮಾಡಿದ್ದಕ್ಕೆ ಬಂದು ಹೊರಗೆ ಸ್ಕೂಟರಿನ ಮೇಲೆ ಕಾದಿದ್ದ ಭಾವಮೈದನದು ಬೇರೆಯೇ ರಾಗ. ಅವನಿಗೆ ಟೈಲ್ಸ್ ಅಂಗಡಿ. "ಕೈಕೆಲಸ ಕಟ್ಕೊಂಡು ಏನ್ಮಾಡ್ತೀರಾ ಭಾವ? ದೊಡ್ಡ ಹೆಸರಿರೋ ಕಡೆ ಸೇರಿ. ನಾಲ್ಕು ಜನರ ಮುಂದೆ ನಾನೂ ಹೇಳ್ಕೋಬೇಡ್ವಾ?"

ದೊಡ್ಡ ಹೆಸರಿನ ಕಾಲೇಜು ಅಡಿಯಿಂದ ಮುಡಿಯವರೆಗೆ ಗಾಜು. ಬಾಗಿಲು ಯಾವುದು, ಗೋಡೆ ಯಾವುದು ತಿಳಿಯದೆ ಟೇಪಣ್ಣ ಎರಡು ಸಲ ಹಣೆ ಚಚ್ಚಿಕೊಂಡ. ಭಾವಮೈದ ಮೂಗು ಚಚ್ಚಿಕೊಂಡ. ಒಳಗೆ ಹೋದವನೇ ಟೇಪಣ್ಣ ಮಂಡಿಯೂರಿ ಮೆಟ್ಟಿಲಿಗೆ ಟೇಪು ಹಿಡಿದ. "ಮೊದಲ್ನೇದು ಆರಿಂಚು. ಎರಡ್ನೇದು ಆರೂ ಮುಕ್ಕಾಲು. ಮೂರ್ನೇದು ಐದೂವರೆ! ಮೆಟ್ಲು ಕಟ್ಟೋಕೆ ಬರದೋರು ನನಗೇನಯ್ಯಾ ಕಲಿಸ್ತಾರೆ?"

ಟೇಪು ಕಂಡ ಕಾವಲುಗಾರ ಓಡಿದ. ಕ್ಷಣದಲ್ಲಿ ಪ್ರಿನ್ಸಿಪಾಲರೇ ಬೆವರುತ್ತ ಬಂದು ಕೈಮುಗಿದರು. "ನಗರಸಭೆಯೋರು ಅಂತ ಮೊದಲೇ ಹೇಳಬಾರ್ದಾ ಸಾರ್? ಮೇಲಿನ ಮಹಡಿಗೆ ಪರವಾನಗಿ ಇವತ್ತೋ ನಾಳೆಯೋ ಬಂದುಬಿಡುತ್ತೆ."

"ಅಯ್ಯೋ, ನಾನು ಸೀಟಿಗೆ ಬಂದೋನು!"

"ನಿಮ್ಮ ಮಗನಿಗಾ? ಕೊಟ್ಟೆ! ಮಗಳಿದ್ರೆ ಅವಳಿಗೂ ಕೊಟ್ಟೆ!"

ಎಷ್ಟು ಹೇಳಿದರೂ ಕೇಳದೆ, ತಂಪು ಪಾನೀಯ ಕುಡಿಸಿ, ಇಬ್ಬರಿಗೂ ಶಾಲು ಹೊದಿಸಿ ಬಿಡುವಷ್ಟರಲ್ಲಿ ಮೂರೂಕಾಲು. ಶಾಲು ಗಾಳಿಗೆ ಹಾರಿಸುತ್ತ ಸ್ಕೂಟರು ಎರಡನೆಯ ಕಾಲೇಜಿಗೆ ತಲುಪಿದಾಗ ನಾಲ್ಕಕ್ಕೆ ಐದೇ ನಿಮಿಷ. ಅಷ್ಟಾದರೂ ಟೇಪಣ್ಣ ಮತ್ತೆ ಮಂಡಿಯೂರಿದ.

"ಭಾವ, ನಿಮ್ಮ ದಮ್ಮಯ್ಯ ಅಂತೀನಿ, ಒಳಗೆ ನಡೀರಿ!" ಭಾವಮೈದ ತಲೆ ತಲೆ ಚಚ್ಚಿಕೊಂಡ.

"ಹನ್ನೆರಡು ಮೆಟ್ಲು, ಎಲ್ಲಾ ಆರಿಂಚು! ಒಂದು ನೂಲು ಹೆಚ್ಚಿಲ್ಲ, ಒಂದು ನೂಲು ಕಮ್ಮಿಯಿಲ್ಲ! ಇದೇ ನನ್ನ ಕಾಲೇಜು!" ಟೇಪಣ್ಣನ ಕಣ್ಣು ತುಂಬಿ ಬಂತು.

ಕಿಟಕಿ ಮುಚ್ಚುತ್ತಿದ್ದ ಗುಮಾಸ್ತ ಹನ್ನೆರಡು ಹಾಳೆ ಮುಂದಿಟ್ಟ. ಪ್ರತಿ ಹಾಳೆಯ ಕೆಳಗೂ, ಬಲಮೂಲೆಯಲ್ಲಿ, ಒಂದು ಖಾಲಿ ಚೌಕ! ಹದಿನೆಂಟು ವರ್ಷ ಬರೇ ಗೆರೆ ಎಳೆದಿದ್ದ ಕೈ ಪೆನ್ನಿನ ಮುಚ್ಚಳ ತೆಗೆಯಿತು.

"ಓದಿ ಸಹಿ ಹಾಕಿ ಸಾರ್. ಅದರಲ್ಲೂ ಎಂಟನೇ ಹಾಳೆ..."

"ಓದೋಕೆ ಮುಂದೆ ಐದು ವರ್ಷ ಇದೆ!" ಎಂದವನೇ ಟೇಪಣ್ಣ ಬಾಲ ಬಿಟ್ಟು, ಅಡಿಗೆರೆ ಎಳೆದು, ಚುಕ್ಕಿ ಇಟ್ಟು, ಹನ್ನೆರಡು ಚೌಕವನ್ನೂ ತುಂಬಿಬಿಟ್ಟ. ಗಡಿಯಾರ ನಾಲ್ಕು ಹೊಡೆಯಿತು.

ಸಂಜೆ ಶಾಲು ಹೊದ್ದೇ ಕಚೇರಿಗೆ ನುಗ್ಗಿದ. "ಸಾಹೇಬ್ರೇ, ಆ ಮೆಟ್ಲು ನಂದು! ಇನ್ಮೇಲೆ ಸಹಿನೂ ನಂದೇ. ತಗೊಳ್ಳಿ ರಾಜೀನಾಮೆ!" ಥರ್ಮಕೋಲ್ ಅಕ್ಕ ಮೇಜು ಬಡಿದು ಶಿಳ್ಳೆ ಹಾಕಿದಳು. ಇಷ್ಟು ವರ್ಷದಲ್ಲಿ ಅವನು ಸಾಹೇಬರ ಎದುರು ಎದೆಯೆತ್ತಿ ನಿಂತದ್ದು ಅದೇ ಮೊದಲು. ಆಹಾ, ಎಂಥ ಸುಖ!

ಸಾಹೇಬರು ರಾಜೀನಾಮೆಯನ್ನು ನಿಧಾನವಾಗಿ ಓದಿ, ಮಡಚಿ, ಡ್ರಾಯರಿಗೆ ಹಾಕಿದರು.

"ಬಹಳ ಸಂತೋಷ ಕಣಯ್ಯಾ. ಈಗಷ್ಟೇ ನಿನ್ನ ಕಾಲೇಜಿನ ಗುಮಾಸ್ತರು ಫೋನ್ ಮಾಡಿದ್ರು. ಅಲ್ಲಿ ಬೆಳಿಗ್ಗೆ ಪಾಠ, ಮಧ್ಯಾಹ್ನದಿಂದ ಯಾವುದಾದ್ರೂ ಕಚೇರೀಲಿ ತರಬೇತಿ. ಐದೂ ವರ್ಷ, ಸಂಬಳ ಇಲ್ಲದೆ. ಈ ವರ್ಷದಿಂದ ಆ ಪಟ್ಟೀಲಿ ನಮ್ಮ ಕಚೇರೀನೂ ಇದೆ. ನಿನ್ನ ಎಂಟನೇ ಹಾಳೇಲಿ ಇರೋದು ನಮ್ಮ ಹೆಸರೇ. ಸಹಿ ಬಹಳ ಚೆನ್ನಾಗಿದೆಯಂತೆ!"

ಟೇಪಣ್ಣನ ಶಾಲು ಹೆಗಲಿಂದ ಜಾರಿತು.

"ತರಬೇತಿ ದಿನಚರಿಗೆ ಹಾಳೆ ಗೆರೆ ಹಾಕ್ಕೊಂಡುಬಿಡು. ಕೆಳಗೆ ಬಲಮೂಲೇಲಿ ಒಂದು ಚೌಕ ಇರಲಿ. ದಿನಾ ನಾನು ಸಹಿ ಹಾಕ್ಬೇಕಲ್ಲ."

ಟೇಪಣ್ಣ ತನ್ನ ಮೂಲೆಯ ಮೇಜಿಗೆ ಹೋಗಿ ಕೂತ. ಟೇಪು ತೆಗೆದು, ಅಳತೆ ಹಿಡಿದು ಚೌಕ ಬರೆದ. ಈ ಸಲ ಒಂದು ನೂಲು ಚಿಕ್ಕದಾಗಿ ಬರೆದ.