ಏಳಾದರೂ ಸರಿ, ಒಂಬತ್ತಾದರೂ ಸರಿ

ಎಂಟನೇ ತಿಂಗಳಲ್ಲಿ ಹುಟ್ಟಿದ ಮಗು ಉಳಿಯುವುದಿಲ್ಲ. ಏಳರಲ್ಲಿ ಹುಟ್ಟಿದ್ದು ಉಳಿಯುತ್ತದೆ, ಒಂಬತ್ತರದ್ದಂತೂ ಸರಿಯೇ ಸರಿ. ನಡುವಿನ ಎಂಟು ಮಾತ್ರ ಆಗದು. ಇದು ಮೈಸೂರಿನಲ್ಲಿದ್ದ ನನ್ನ ಅಮ್ಮನಿಗೆ ಗೊತ್ತಿತ್ತು, ಅಲ್ಲೇ ಮೂರು ಬೀದಿ ಆಚೆಗಿದ್ದ ನನ್ನ ಅತ್ತೆಗೆ ಗೊತ್ತಿತ್ತು, ಚೆನ್ನೈನ ಪುರಸೈವಾಕ್ಕಂನಲ್ಲಿ ನಮಗೆ ಮಹಡಿಯನ್ನು ಬಾಡಿಗೆಗೆ ಕೊಟ್ಟಿದ್ದ ತಮಿಳು ಮನೆಯೊಡತಿಗೂ ಗೊತ್ತಿತ್ತು. ಸಾಂಬಾರಿಗೆ ಬೆಲ್ಲ ಹಾಕಬೇಕೇ ಬೇಡವೇ ಎಂಬುದರಲ್ಲಿ ಒಮ್ಮತವಿಲ್ಲದ ಮೂವರು ಹೆಂಗಸರು ಇದೊಂದರಲ್ಲಿ ಒಂದಾಗಿದ್ದರು. ನಾನು ಸಂಖ್ಯಾಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿ ಅಂಬತ್ತೂರಿನ ಒಂದು ಪಂಪ್ ಕಾರ್ಖಾನೆಯಲ್ಲಿ ಗುಣಮಟ್ಟ ಪರೀಕ್ಷೆ ನೋಡಿಕೊಳ್ಳುತ್ತಿದ್ದವನು. ಏಳಕ್ಕಿಂತ ಎಂಟು ದೊಡ್ಡದು ಎಂದು ಹೇಳಿ ನೋಡಿದೆ. ಯಾರೂ ಒಪ್ಪಲಿಲ್ಲ. ಏನನ್ನೂ ನಂಬದವನ ಮನೆಯನ್ನೇ ಇಂಥ ಪ್ರಸಂಗಗಳು ವಿಳಾಸ ಕೇಳಿಕೊಂಡು ಹುಡುಕಿ ಬರುತ್ತವೆ.

ಟಿಕೆಟ್

ಚೊಚ್ಚಲ ಹೆರಿಗೆ ತವರಿನಲ್ಲಾಗಬೇಕು. ಆದರೆ ಎಂಟನೇ ತಿಂಗಳಲ್ಲಿ ಬಸುರಿ ಪ್ರಯಾಣ ಮಾಡಬಾರದು. ಏಳರಲ್ಲಿ ಸೀಮಂತಕ್ಕೆ ಬಂದಿದ್ದ ಅತ್ತೆ ಮಗಳನ್ನು ಆಗಲೇ ಕರೆದುಕೊಂಡು ಹೋಗಬಹುದಿತ್ತು. ನನ್ನ ಕಾರ್ಖಾನೆಗೆ ರಜೆ ಇರಲಿಲ್ಲ, ಅವರ ಪಂಚಾಂಗಕ್ಕೆ ಒಳ್ಳೆಯ ದಿನ ಇರಲಿಲ್ಲ. ಆದ್ದರಿಂದ ಒಂಬತ್ತು ಬಿದ್ದ ಮೊದಲನೇ ದಿನಕ್ಕೆ ಮೈಸೂರಿಗೆ ಎರಡು ಟಿಕೆಟ್ ಮಾಡಿಸಿದೆ. ಅಲ್ಲಿಯವರೆಗೆ ಹೆಂಡತಿ ಮಹಡಿ ಇಳಿಯಕೂಡದು ಎಂದು ಅಮ್ಮ ಫೋನಿನಲ್ಲಿ ಅಪ್ಪಣೆ ಕೊಟ್ಟಳು.

"ಎಂಟು ಕಳೀಲಿ ಕಣೋ. ಆಮೇಲೆ ಏನಾದ್ರೂ ಆಗ್ಲಿ."

ಪ್ರಯಾಣಕ್ಕೆ ನಾಲ್ಕು ದಿನ ಇತ್ತು. ಮಗು ಟಿಕೆಟ್ ನೋಡಿರಲಿಲ್ಲ.

ಚೀಟಿ

ಬೆಳಿಗ್ಗೆ ನಾನು ಕೆಲಸಕ್ಕೆ ಹೋದ ಮೇಲೆ ನೋವು ಶುರುವಾಯಿತು. ಮನೆಯೊಡತಿ ಬಾಗಿಲ ಮುಂದೆ ಬಿಡುತ್ತಿದ್ದ ರಂಗೋಲಿಯನ್ನು ಅರ್ಧಕ್ಕೆ ನಿಲ್ಲಿಸಿ, ಆಟೋ ಕೂಗಿ, ನನ್ನ ಹೆಂಡತಿಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋದರು. ಅಲ್ಲಿಂದ ಕಾರ್ಖಾನೆಗೆ ಮೂರು ಸಲ ಫೋನ್ ಮಾಡಿದರು. ನಮ್ಮಲ್ಲಿ ಹೊರಗಿನ ಫೋನ್ ಬರುತ್ತಿದ್ದುದು ಗೇಟಿಗೆ. ಗೇಟಿನ ಕಾವಲುಗಾರ ಅದನ್ನು ಚೀಟಿಯಲ್ಲಿ ಬರೆಯಬೇಕು, ಚೀಟಿ ಸ್ಟೋರ್ಸಿಗೆ ಹೋಗಬೇಕು, ಸ್ಟೋರ್ಸಿನಿಂದ ನನ್ನ ಮೇಜಿಗೆ ಬರಬೇಕು.

ಊಟದ ಹೊತ್ತಿಗೆ ಮೂರೂ ಚೀಟಿ ಒಟ್ಟಿಗೆ ಬಂದವು. ಮೊದಲನೆಯದರಲ್ಲಿ 'ಹೆಂಡತಿಗೆ ನೋವು, ಅರ್ಜೆಂಟ್' ಎಂದಿತ್ತು. ಎರಡನೆಯದರಲ್ಲಿ 'ಆಸ್ಪತ್ರೆಗೆ ಸೇರಿಸಿದೆ, ತುಂಬಾ ಅರ್ಜೆಂಟ್' ಎಂದಿತ್ತು. ಮೂರನೆಯದರಲ್ಲಿ ಹೀಗೆ ಬರೆದಿತ್ತು: 'ಹೆಣ್ಣು ಮಗು. ಇನ್ನು ಅರ್ಜೆಂಟ್ ಇಲ್ಲ.'

ಪಂಚೆ

ಹುಟ್ಟುವ ಮೊದಲು ಮಗುವಿಗಾಗಿ ಏನನ್ನೂ ಕೊಳ್ಳಬಾರದು. ಇದೂ ಒಂದು ಶಾಸ್ತ್ರ. ಹಾಗಾಗಿ ಮನೆಯಲ್ಲಿ ಮಗುವಿನದೆಂದು ಒಂದು ಚೂರು ಬಟ್ಟೆ ಇರಲಿಲ್ಲ. ಪುರಸೈವಾಕ್ಕಂ ತುಂಬ ಜವಳಿ ಅಂಗಡಿ. ಇಡೀ ರಸ್ತೆಯನ್ನೇ ಸುತ್ತಿಡುವಷ್ಟು ಬಟ್ಟೆ ಅಲ್ಲಿತ್ತು. ನಾನು ಆಸ್ಪತ್ರೆಯಿಂದ ಓಡಿ ಹೋಗಿ ಅರ್ಧ ಡಜನ್ ಹೊಸ ಅಂಗಿ ತಂದೆ.

ಮನೆಯೊಡತಿ ನೋಡಿ ತಲೆ ಚಚ್ಚಿಕೊಂಡರು. "ತಂಬಿ, ಎಂ.ಎಸ್ಸಿ. ಓದಿದೀರಿ ಅಂತೀರಿ. ಮೊದಲು ಸುತ್ತೋದು ಹಳೇ ಬಟ್ಟೆ. ನೀರು ಕಂಡು ಕಂಡು ಮೆತ್ತಗಾಗಿರೋ ಪಂಚೆ ಇಲ್ವಾ?"

ನನ್ನ ಹತ್ತಿರ ಪಂಚೆ ಇರಲಿಲ್ಲ. ಮದುವೆಯ ದಿನ ಉಟ್ಟದ್ದು ಬಾಡಿಗೆಯದು. ರಸ್ತೆಯ ಮೂಲೆಯಲ್ಲಿ ಉಡುಪಿ ಕಡೆಯವರ ಹೋಟೆಲು. ಅದರ ಯಜಮಾನರು ಗಲ್ಲಾದ ಹಿಂದೆ ಕೂತಿದ್ದರು. ನಾನು ವಿಷಯ ಹೇಳಿದೆ.

"ಹಳೇ ಪಂಚೆಯಾ? ಅದು ಬೇಕಾದಷ್ಟು ಉಂಟು ಮಾರಾಯ್ರೆ. ಹೊಸತು ಕೇಳಿದ್ರೆ ಕಷ್ಟ ಇತ್ತು."

ಎರಡು ಪಂಚೆ ಕೊಟ್ಟರು, ಬೇಡವೆಂದರೂ ಇಡ್ಲಿ ಪೊಟ್ಟಣ ಕಟ್ಟಿಸಿದರು. ಪಂಚೆಯನ್ನು ಹರಿದು ಆಸ್ಪತ್ರೆಯವರು ಕುದಿಸಿ ಒಣಗಿಸಿ ಬಳಸಿದರು. ಮಗುವಿಗೆ ಸುತ್ತಿದ ತುಂಡಿನ ಮೂಲೆಯಲ್ಲಿ ಅಗಸರು ಹಾಕಿದ ಅಳಿಸಲಾಗದ ಕಪ್ಪು ಗುರುತಿತ್ತು. ನರ್ಸ್ ಅದನ್ನು ನೋಡಿ ಬಹಳ ಮೆಚ್ಚಿಕೊಂಡಳು. "ಇಷ್ಟು ವರ್ಷಕ್ಕೆ ನೀವೊಬ್ಬರೇ ಸಾರ್, ಮಗು ಅದಲುಬದಲಾಗದ ಹಾಗೆ ಗುರುತು ಹಾಕಿಸಿಕೊಂಡು ಬಂದವರು."

ಎಣಿಕೆ

ಅಮ್ಮನೂ ಅತ್ತೆಯೂ ಮರುದಿನ ಒಂದೇ ರೈಲಿನಲ್ಲಿ ಬಂದಿಳಿದರು. ಇಬ್ಬರ ಮುಖದಲ್ಲೂ ನೆತ್ತರಿರಲಿಲ್ಲ. ಮಗು ಗಾಜಿನ ಪೆಟ್ಟಿಗೆಯಲ್ಲಿತ್ತು. ಒಂದು ಕಿಲೋ ಎಂಟುನೂರ ಐವತ್ತು ಗ್ರಾಂ, ಮುಷ್ಟಿಯಷ್ಟು ಮುಖ. ಅಮ್ಮ ನೋಡಿ ಬಂದು ಬೆಂಚಿನ ಮೇಲೆ ಕೂತು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಆಮೇಲೆ ಎಣಿಸಲು ಶುರು ಮಾಡಿದಳು.

"ಇದು ಒಂಬತ್ತು," ಎಂದಳು.

ಅತ್ತೆ ಒಪ್ಪಲಿಲ್ಲ. "ಇಲ್ಲ ರೀ, ಏಳು. ವಿಶೇಷ ಅಂತ ಇವರು ಫೋನ್ ಮಾಡಿದ್ದು ಜೂನ್‌ನಲ್ಲಿ. ಅಲ್ಲಿಂದ ಎಣಿಸಿ."

"ಫೋನ್ ಮಾಡಿದ ದಿನದಿಂದ ಎಣಿಸೋಕೆ ಇದೇನು ಎಸ್‌ಟಿಡಿ ಬಿಲ್ಲೇ?" ಎಂದೆ.

"ಗೊತ್ತಾಗೋಕೆ ಮುಂಚೆ ಇದ್ದಿದ್ದನ್ನ ಯಾರು ಎಣಿಸ್ತಾರೆ?" ಎಂದರು ಅತ್ತೆ.

ಒಂಬತ್ತಕ್ಕೆ ಇನ್ನೂ ಮೂರು ದಿನ ಇದೆ, ನೀವೇ ಹೇಳಿ ಮಾಡಿಸಿದ ಟಿಕೆಟ್ ಇದೆಯಲ್ಲ ಎಂದು ಜೇಬಿನಿಂದ ತೆಗೆದು ತೋರಿಸಿದೆ. ಅಮ್ಮ ಅದನ್ನು ತಿರುಗಿಸಿ ನೋಡಿ, "ಇದರಲ್ಲಿ ಎಷ್ಟನೇ ತಿಂಗಳು ಅಂತ ಎಲ್ಲಿ ಬರೆದಿದೆ?" ಎಂದಳು. ಬರೆದಿರಲಿಲ್ಲ.

ಅಮ್ಮನ ಲೆಕ್ಕ ಬೆರಳ ಮೇಲೆ ಹಿಂದಕ್ಕೆ ಸರಿದು ಸರಿದು ಯುಗಾದಿಗೆ ಹೋಗಿ ನಿಂತಿತು. ಯುಗಾದಿಯಿಂದ ಹಿಡಿದರೆ ಒಂಬತ್ತು ಆರಾಮಾಗಿ ಆಗುತ್ತದೆ ಎಂದಳು.

"ಯುಗಾದಿಗೆ ನಾನು ಪುಣೆಯಲ್ಲಿದ್ದೆ," ಎಂದೆ. "ಕಂಪನಿ ತರಬೇತಿ. ಹಿಂದೆ ಮುಂದೆ ಸೇರಿ ಆರು ವಾರ."

ಅತ್ತೆ ಎದುರಿನ ಗೋಡೆಯ ಮೇಲಿನ ಲಸಿಕೆಯ ಪೋಸ್ಟರ್ ಓದತೊಡಗಿದರು. ಅಮ್ಮ ಮಡಚಿದ ಬೆರಳುಗಳನ್ನು ಒಂದೊಂದಾಗಿ ಬಿಚ್ಚಿದಳು.

"ಹಾಗಿದ್ರೆ ಏಳೇ ಇರ್ಲಿ ಬಿಡಿ," ಎಂದಳು.

ಡಾಕ್ಟರು

ಏಳು ಎಂದು ತೀರ್ಮಾನವಾದರೂ ಅಮ್ಮನಿಗೆ ಧೈರ್ಯ ಬರಲಿಲ್ಲ. ಡಾಕ್ಟರ ಬಾಯಿಂದ ಬರಬೇಕಂತೆ. ಡಾಕ್ಟರು ವಯಸ್ಸಾದ ಹೆಂಗಸು, ಮಾತು ಕಡಿಮೆ. ಮೂವತ್ತನಾಲ್ಕು ವಾರ ಎಂದು ಕಾಗದದಲ್ಲಿ ಬರೆದಿದ್ದರು.

"ವಾರ ಯಾರಿಗೆ ಬೇಕು, ತಿಂಗಳು ಕೇಳು," ಎಂದು ಅಮ್ಮ ನನ್ನನ್ನು ತಿವಿದಳು. ಕೇಳಿದೆ.

ಡಾಕ್ಟರು ಕನ್ನಡಕದ ಮೇಲಿಂದ ಅಮ್ಮನನ್ನು ನೋಡಿದರು. "ಅವರಿಗೆ ಯಾವ ತಿಂಗಳು ಬೇಕು?"

"ಎಂಟು ಒಂದು ಬಿಟ್ಟು ಯಾವುದಾದರೂ."

"ಏಳೂವರೆ ಅಂತ ಹೇಳಿ," ಎಂದು ಡಾಕ್ಟರು ಮುಂದಿನ ಹಾಸಿಗೆಗೆ ಹೋದರು.

ಅಮ್ಮ ಇನ್ನಷ್ಟು ಬಿಳಿಚಿಕೊಂಡಳು. ಏಳೂವರೆ ಶನಿಯ ಲೆಕ್ಕ.

ನಕ್ಷೆ

ನಾನು ಇದೆಲ್ಲದರಿಂದ ಮೇಲಿದ್ದೆ. ಮೇಲಿದ್ದುದರಿಂದಲೇ ದಿನವೂ ಆಸ್ಪತ್ರೆಯಲ್ಲಿ ಮಗುವಿನ ತೂಕ ಬರೆದುಕೊಂಡು ಕಾರ್ಖಾನೆಗೆ ಹೋಗಿ, ಪಂಪಿನ ಬಿಡಿಭಾಗಗಳ ತೂಕಕ್ಕೆ ಬಳಸುವ ನಕ್ಷೆಯ ಹಾಳೆಯಲ್ಲಿ ಚುಕ್ಕಿ ಇಡುತ್ತಿದ್ದೆ. ಮೇಲಿನ ಮಿತಿ, ಕೆಳಗಿನ ಮಿತಿ, ನಡುವೆ ಚುಕ್ಕಿ. ಮೊದಲ ನಾಲ್ಕು ದಿನ ಚುಕ್ಕಿ ಇಳಿಯುತ್ತ ಹೋಯಿತು. ಎಲ್ಲ ಮಕ್ಕಳೂ ಮೊದಲು ತೂಕ ಕಳೆದುಕೊಳ್ಳುತ್ತವೆ ಎಂದು ಡಾಕ್ಟರು ಹೇಳಿದ್ದರು. ಅದು ನನಗೆ ಗೊತ್ತಿತ್ತು. ನಾಲ್ಕನೇ ದಿನ ಹಾಳೆಯ ಮೂಲೆಯಲ್ಲಿ ಪೆನ್ಸಿಲಿನಿಂದ ವಾರಗಳನ್ನು ತಿಂಗಳು ಮಾಡಿ, ಹೇಗಾದರೂ ಏಳು ಬರುತ್ತದೆಯೇ ಎಂದು ನೋಡಿದೆ. ಆಮೇಲೆ ರಬ್ಬರಿನಲ್ಲಿ ಒರೆಸಿದೆ.

ನಮ್ಮ ಫೋರ್‌ಮನ್ ಇಪ್ಪತ್ತು ವರ್ಷ ಸರ್ವೀಸಿನ ಮನುಷ್ಯ. ಹಿಂದಿನಿಂದ ಬಂದು ಹಾಳೆಯನ್ನು ನೋಡಿದರು.

"ಇದು ಯಾವ ಪೀಸ್ ಸಾರ್? ಮಿತಿಗಿಂತ ಕೆಳಗೆ ಹೋಗ್ತಾ ಇದೆ. ರಿಜೆಕ್ಟ್ ಮಾಡಿ."

"ಅದು ನನ್ನ ಮಗಳು," ಎಂದೆ.

ಅವರು ನನ್ನ ಪೆನ್ಸಿಲ್ ತೆಗೆದುಕೊಂಡು, ಅಡಿಪಟ್ಟಿ ಇಟ್ಟು, ಕೆಳಗಿನ ಮಿತಿಯ ಗೆರೆಯನ್ನು ಎರಡು ಇಂಚು ಕೆಳಗೆ ಹೊಸದಾಗಿ ಎಳೆದು ಪಕ್ಕದಲ್ಲಿ ಸಹಿ ಹಾಕಿದರು.

"ಈಗ ಪಾಸ್."

ಮರುದಿನ ಚುಕ್ಕಿ ಮೇಲಕ್ಕೆ ಹತ್ತಿತು. ಅದು ಫೋರ್‌ಮನ್ನರ ಸಹಿಯಿಂದಲ್ಲ ಎಂದು ನಾನು ಯಾರಿಗೂ ವಿವರಿಸಲು ಹೋಗಲಿಲ್ಲ. ಹತ್ತೊಂಬತ್ತನೇ ದಿನ ಮಗು ಮನೆಗೆ ಬಂತು.

ನಾಮಕರಣ

ಮೂರನೇ ತಿಂಗಳಲ್ಲಿ ಪುರಸೈವಾಕ್ಕಂನ ಮಹಡಿಯಲ್ಲೇ ನಾಮಕರಣ ಮಾಡಿದೆವು. ಮಗುವಿಗೆ ಮೂರು ಗದ್ದ ಬಂದಿತ್ತು. ಅಡುಗೆ ಮೂಲೆಯ ಹೋಟೆಲಿನದು. ಬಂದವರೆಲ್ಲ ಎಷ್ಟನೇ ತಿಂಗಳು ಎಂದು ಕೇಳುತ್ತಿದ್ದರು. ಅಮ್ಮ ಅವರೆಲ್ಲರಿಗೂ "ಏಳು" ಎಂದು ಸಲೀಸಾಗಿ ಹೇಳುತ್ತಿದ್ದಳು. ಹಾಗೆ ಹೇಳುವಾಗಲೂ ತೊಟ್ಟಿಲಿನಿಂದ ಕೈ ತೆಗೆಯುತ್ತಿರಲಿಲ್ಲ. ಮಗು ನಿದ್ದೆ ಮಾಡಿದರೆ ಮೂಗಿನ ಹತ್ತಿರ ಬೆರಳಿಟ್ಟು ನೋಡುತ್ತಿದ್ದಳು. ಮೂರು ತಿಂಗಳಿಂದ ಅದೇ ಕೆಲಸ. ಅವಳ ಮಟ್ಟಿಗೆ ಎಂಟು ಇನ್ನೂ ಕಳೆದಿರಲಿಲ್ಲ.

ನಂಜನಗೂಡಿನಿಂದ ದೊಡ್ಡಮ್ಮ ಬಂದಿದ್ದರು. ಅಮ್ಮನ ಅಕ್ಕ, ಹದಿಮೂರು ವರ್ಷ ದೊಡ್ಡವರು. ಮಗುವನ್ನು ಕಾಲ ಮೇಲೆ ಹಾಕಿಕೊಂಡು, ತೊಡೆ ಹಿಸುಕಿ ನೋಡಿ, "ಎಷ್ಟರದ್ದೇ ಇದು?" ಎಂದರು.

"ಏಳು," ಎಂದಳು ಅಮ್ಮ.

"ನನ್ನ ಹತ್ರಾನೂ ಏಳೇನೇ? ಉಗುರು ನೋಡು, ಕಿವಿ ನೋಡು. ಇದು ಎಂಟರ ಮಗು."

ಅಮ್ಮ ಕೈಚಾಚಿ ಮಗುವಿನ ಕಿವಿ ಮುಚ್ಚಿದಳು. "ಅಕ್ಕಾ, ಮಗು ಮುಂದೆ ಅದನ್ನೆಲ್ಲ ಆಡಬೇಡ. ಎಂಟರದ್ದು ಉಳಿಯಲ್ಲ ಅಂತ ನಮ್ಮಮ್ಮಾನೇ ಹೇಳ್ತಿರಲಿಲ್ವಾ?"

"ಹೇಳ್ತಿದ್ದಳು. ಕೇಳಿದವರಿಗೆಲ್ಲ ಏಳು ಅಂತಲೂ ಹೇಳ್ತಿದ್ದಳು. ಬಾಣಂತನದ ನೀರು ಕಾಯಿಸಿದೋಳು ನಾನು, ನನಗೆ ಗೊತ್ತಿಲ್ವಾ," ಎಂದು ದೊಡ್ಡಮ್ಮ ಮಗುವಿನ ಮೂಗನ್ನು ನೇವರಿಸಿದರು. "ನೀನು ಹುಟ್ಟಿದ್ದು ಎಂಟಕ್ಕೇ ಕಣೇ."

ಅಮ್ಮನಿಗೆ ಆಗ ಅರವತ್ತೊಂದು ವರ್ಷ.